ಪದವಿನ ಹೂ, ಚಿಟ್ಟೆ ನೋಡಲು ಹೋಗುವವರಿಗೆ

ಕರಾವಳಿಯ ಮಣಿಪಾಲ, ಕೊಣಾಜೆ ಕಡೆಯ ಮುರಕಲ್ಲಿನ ಪದವುಗಳಲ್ಲಿ (ಗುಡ್ಡದ ಮೇಲಿನ ಸಮತಟ್ಟು ಬಯಲು) ಹೂ ನೋಡಬೇಕಾದರೆ ಆಗಸ್ಟ್‌, ಸೆಪ್ಟೆಂಬರ್‌ನಲ್ಲೇ ಹೋಗಿ. ದೀಪಾವಳಿ ಹೊತ್ತಿಗೆ ಮುಳಿಹುಲ್ಲು ಒಣಗಲು ಶುರು. ಬೆಳಿಗ್ಗೆ ಆರಕ್ಕೇ ಸುಮ್ನೆ ಓಡಬೇಡಿ. ಬಿಸಿಲು ಬಿದ್ದು ಮೈ ಬೆಚ್ಚಗಾಗದೆ ಚಿಟ್ಟೆ ಹಾರುವುದಿಲ್ಲ, ಒಂಬತ್ತರ ನಂತರ ಸಾಕು. ಗಿಲಿಗಿಚ್ಚಿ ಗಿಡ ಕಂಡರೆ ಅಲ್ಲೇ ನಿಲ್ಲಿ. ಅದರ ರಸ ಹೀರಲು ಬ್ಲೂ ಟೈಗರ್ ಗಂಡು ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಮಿಲನಕ್ಕೆ ಬೇಕಾದ ಪರಿಮಳ ಅವಕ್ಕೆ ಇಂಥ ಗಿಡಗಳಿಂದಲೇ ಸಿಗುವುದು. ನೀರು ನಿಂತ ಕಡೆ ಬಗ್ಗಿ ನೋಡಿ. ಯುಟ್ರಿಕ್ಯುಲೇರಿಯಾದ ನೀಲಿ ಹೂ ಉಗುರಿನಷ್ಟೂ ಇಲ್ಲ, ಆದರೆ ಹುಳ ಹಿಡಿದು ತಿನ್ನುವ ಗಿಡ ಅದು! ದಯವಿಟ್ಟು ಪದವಿನ ಮೇಲೆ ಬೈಕ್ ಹತ್ತಿಸಬೇಡಿ. ಮಣ್ಣಿರುವುದೇ ತೆಳುವಾಗಿ, ಅಲ್ವಾ? ಪಾಚಿ ಜಾರುತ್ತದೆ, ಹುಲ್ಲಲ್ಲಿ ವಿಷದ ಕನ್ನಡಿ ಹಾವೂ (ಕೊಳಕು ಮಂಡಲ) ಇರಬಹುದು, ಶೂ ಹಾಕಿ. ಗುಡುಗು ಕೇಳಿದರೆ ತಕ್ಷಣ ಇಳಿದುಬಿಡಿ, ಬಯಲಲ್ಲಿ ಸಿಡಿಲಿನ ಅಪಾಯ ಜಾಸ್ತಿ.