ದಿನಾ ಟೈಮ್ ತಿದ್ದಬೇಡಿ, ಸೆಲ್ಲು ಬದಲಿಸಿ

ಕಳೆದ ಮಳೆಗಾಲದಲ್ಲಿ ಶಿರಸಿಯ ಅಡಿಕೆ ಅಂಗಡಿಯೊಂದರಲ್ಲಿ ಬಿಲ್ಲು ಕೈಗೆ ಬಂತು. ಅದರ ಮೇಲಿದ್ದ ತಾರೀಕು 2009ರದ್ದು! ಲೆಕ್ಕ ಬರೆಯುವ ಹುಡುಗ ದಿನಾ ಬೆಳಿಗ್ಗೆ ಕಂಪ್ಯೂಟರಿನ ಟೈಮ್ ಕೈಯಲ್ಲೇ ತಿದ್ದುತ್ತಿದ್ದನಂತೆ. ಅವತ್ತು ಮರೆತಿದ್ದ. ಇಂಥವರನ್ನು ಎಷ್ಟೋ ಕಡೆ ನೋಡಿದ್ದೇನೆ. ಕೆಲವರು ವೆಬ್‌ಸೈಟ್ ತೆರೆಯುತ್ತಿಲ್ಲ ಎಂದು ಸುಮ್ನೆ ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ. ವೆಬ್‌ಸೈಟಿನ ಭದ್ರತಾ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರು 2009ರಲ್ಲಿ ಕೂತಿದ್ದರೆ ಅದನ್ನು ಒಪ್ಪುವುದಿಲ್ಲ.

ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಇದೆ, ಅದರಲ್ಲಿ ಸಣ್ಣ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಉಳಿಯುತ್ತದೆ. ಸೆಕೆಂಡು ಹುಟ್ಟುವುದೇ ಹೀಗೆ. ಕೈಗಡಿಯಾರದಲ್ಲೂ ಇದೇ ಲೆಕ್ಕ. ಪ್ಲಗ್ಗಿನಲ್ಲಿ ಕರೆಂಟು ಇಲ್ಲದಾಗ ಈ ಗಡಿಯಾರವನ್ನು ಓಡಿಸುವುದು ನಾಣ್ಯದಂಥ ಒಂದು ಸೆಲ್ಲು. ನಮ್ಮಲ್ಲಿ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುತ್ತೇವೆ, ಅಲ್ವಾ? ಆಗ ಸೆಲ್ಲಿಗೆ ಕೆಲಸ ಜಾಸ್ತಿ. ಆದರೂ ಕಿತ್ತಿಡಿ. ಸಿಡಿಲು ಸುಡುವ ಮದರ್‌ಬೋರ್ಡಿನ ಮುಂದೆ ಸೆಲ್ಲಿನ ಖರ್ಚು ಏನೂ ಅಲ್ಲ.

ಮೊದಲು ತೊಂದರೆ ಯಾವುದು ಎಂದು ನೋಡಿ. ಟೈಮ್ ವರ್ಷಗಟ್ಟಲೆ ಹಿಂದೆ ಹೋದರೆ ಸೆಲ್ಲು ಸತ್ತಿದೆ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬರುತ್ತಿದ್ದರೆ ಸೆಲ್ಲಿನ ತಪ್ಪಲ್ಲ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗ ಹೀಗಾಗುತ್ತದೆ. ಆ ಗಡಿಯಾರದಲ್ಲಿ ವಿಂಡೋಸ್ ನಮ್ಮ ಟೈಮ್ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮ್ ಇಡುತ್ತದೆ.

ಅಂಗಡಿಯಲ್ಲಿ ಸಿಆರ್2032 ಎಂದೇ ಕೇಳಿ. 20 ಮಿಲಿಮೀಟರ್ ಅಗಲ, 3.2 ದಪ್ಪ, 3 ವೋಲ್ಟ್. ಸಿಆರ್2025 ಕೊಟ್ಟು 'ಎರಡೂ ಒಂದೇ' ಎಂದರೆ ತರಬೇಡಿ. ಅಗಲ ಅಷ್ಟೇ, ದಪ್ಪ 2.5 ಮಾತ್ರ. ಗೂಡಿನಲ್ಲಿ ಸಡಿಲವಾಗುತ್ತದೆ. ಚಾರ್ಜ್ ಆಗುವ ಸೆಲ್ಲೂ ಬೇಡ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹಳೆಯದು, ಹೊಸದು ಎರಡನ್ನೂ ಕೈಗೆ ಸಿಗದಂತೆ ಇಡಿ. ಇದನ್ನು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಪ್ಲಗ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಡಬ್ಬಿ ಬಿಚ್ಚಿ. ಲ್ಯಾಪ್‌ಟಾಪ್ ಆದರೆ ರಿಪೇರಿಯವರಿಗೇ ಕೊಡಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಸೆಲ್ಲಿನ ಅಡಿಗೆ ಸ್ಕ್ರೂ ಡ್ರೈವರ್ ತೂರಿಸಿ ಮೀಟುತ್ತಾರೆ. ಗೂಡು ಒಡೆಯುತ್ತದೆ, ಇಲ್ಲವೇ ಅಡಿಯ ತಗಡು ಸೊಟ್ಟಗಾಗುತ್ತದೆ. ಹಾಗೆ ಮಾಡಬೇಡಿ. ಹೆಚ್ಚಿನ ಗೂಡುಗಳಲ್ಲಿ ಒಂದು ಬದಿಗೆ ತಗಡಿನ ನಾಲಿಗೆ ಇರುತ್ತದೆ. ಟಾರ್ಚ್ ಹಿಡಿದು ಅದನ್ನು ಹುಡುಕಿ. ಉಗುರಿನಿಂದ ಅದನ್ನು ಸೆಲ್ಲಿನಿಂದ ಆಚೆಗೆ, ಕೂದಲೆಳೆಯಷ್ಟು ಒತ್ತಿ. ಸೆಲ್ಲು ತಾನೇ ಮೇಲೆದ್ದು ಬರುತ್ತದೆ. ಬರದಿದ್ದರೆ ಬಲ ಹಾಕಬೇಡಿ, ನಾಲಿಗೆಯನ್ನೇ ಮತ್ತೆ ಒತ್ತಿ. ನಮ್ಮ ಮಳೆಗಾಲದ ತೇವಕ್ಕೆ ತಗಡಿನ ಮೇಲೆ ಹಸಿರು ಪಾಚಿಯಂಥದ್ದು ಕೂತಿರಬಹುದು. ಒಣಗಿದ ಹತ್ತಿ ಬಟ್ಟೆಯಲ್ಲಿ ಒರೆಸಿ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಜಿಡ್ಡು ತಾಗಬಾರದು. ಅಕ್ಷರ ಮತ್ತು ಪ್ಲಸ್ ಗುರುತು ಇರುವ ಮುಖ ಮೇಲೆ. ನಾಲಿಗೆಯ ಎದುರಿನ ಕೊಕ್ಕೆಯ ಅಡಿಗೆ ಮೊದಲು ಒಂದು ಅಂಚು ತೂರಿಸಿ, ಆಮೇಲೆ ಈ ಬದಿ ಕೆಳಕ್ಕೆ ಒತ್ತಿ. ಟಿಕ್ ಎಂದು ಕೂರಬೇಕು.

ಕಂಪ್ಯೂಟರ್ ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ, ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ ಅಂದರೆ ಬಯೋಸ್‌ಗೆ ಹೋಗಿ ತಾರೀಕು ಹಾಕಿ. ಅಲ್ಲಿ ಬಹಳಷ್ಟು ಸಲ ತಿಂಗಳು ಮೊದಲು, ದಿನ ಆಮೇಲೆ. ಜುಲೈ 5ಕ್ಕೆ 07/05. ನಂತರ ವಿಂಡೋಸಿನಲ್ಲಿ ಟೈಮ್ ಝೋನ್ ಯುಟಿಸಿ +5:30 ಇದೆಯೇ ನೋಡಿ, ಇಂಟರ್ನೆಟ್ ಟೈಮ್ ಆನ್ ಮಾಡಿ. ಹರಳು ದಿನಕ್ಕೆ ಒಂದೆರಡು ಸೆಕೆಂಡು ಹಿಂದೆ ಮುಂದೆ ಆಗುವುದು ಸಹಜ, ಅದನ್ನು ನೆಟ್ ಸರಿಮಾಡುತ್ತದೆ. ಸೆಲ್ಲು ಬದಲಿಸದೆ ನೆಟ್ ಟೈಮ್ ಒಂದನ್ನೇ ನಂಬಬೇಡಿ. ಕರೆಂಟು ಹೋದಾಗ ನೆಟ್ಟೂ ಹೋಗುತ್ತದೆ.

ಎಲ್ಲ ಸರಿಯಾಯಿತೇ ಎಂದು ನೋಡಲು ರಾತ್ರಿ ಪ್ಲಗ್ ಕಿತ್ತಿಡಿ. ಬೆಳಿಗ್ಗೆ ನೆಟ್ ಜೋಡಿಸದೆ ಹಚ್ಚಿ, ಮೊಬೈಲ್ ಪಕ್ಕಕ್ಕಿಟ್ಟು ಟೈಮ್ ನೋಡಿ. ಮತ್ತೆ ಹಳೇ ವರ್ಷಕ್ಕೆ ಹೋಗಿದ್ದರೆ ತಗಡು ಸೆಲ್ಲಿಗೆ ಸರಿಯಾಗಿ ತಾಗುತ್ತಿಲ್ಲ. ಪ್ಲಗ್ ಕಿತ್ತು, ಸೆಲ್ಲು ತೆಗೆದು ಇನ್ನೊಮ್ಮೆ ಕೂರಿಸಿ.