ಕಸ ಎಂದು ಬಿಟ್ಟಿದ್ದ ಸಣ್ಣ ಪೀಕುಗಳು

ಡಿಎನ್‌ಎ ಓದುವ ಯಂತ್ರ ಕೊಟ್ಟ ಆ ಗ್ರಾಫ್ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪೀಣ್ಯದ ಗಾರ್ಮೆಂಟ್ಸ್ ಹೆಂಗಸರಿಗಾಗಿ ನಡೆದ ತಪಾಸಣಾ ಶಿಬಿರದಿಂದ ನಮ್ಮ ಲ್ಯಾಬಿಗೆ ಬಂದ ಸ್ಯಾಂಪಲ್ ಅದು. ದೊಡ್ಡ ಪೀಕುಗಳೆಲ್ಲ, ಅಂದರೆ ಗ್ರಾಫಿನ ಎತ್ತರದ ಮೊನೆಗಳೆಲ್ಲ, ಎಚ್‌ಪಿವಿ 42ಕ್ಕೆ ಸರಿಯಾಗಿ ಹೊಂದಿದವು. ಎಚ್‌ಪಿವಿ ಅಂದರೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಹ್ಯೂಮನ್ ಪ್ಯಾಪಿಲೋಮಾ ವೈರಸ್. 42 ಅದರ ಒಂದು ಬಗೆ, ಅದು ಕ್ಯಾನ್ಸರ್ ತರುವ ಗುಂಪಿನದಲ್ಲ. ಅವುಗಳ ಕೆಳಗೆ ಸಣ್ಣ ಪೀಕುಗಳ ಸಾಲೊಂದಿತ್ತು. ಕಸ ಅಂದುಕೊಂಡು ಬಿಟ್ಟೆ. 'ಹೈ ರಿಸ್ಕ್ ಎಚ್‌ಪಿವಿ ಇಲ್ಲ' ಎಂದು ಬರೆದು ಕಳಿಸಿದೆ.

ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಗರ್ಭಕಂಠದ ಮಟ್ಟಿಗೆ ಭಯಪಡಬೇಕಾದವು ಹನ್ನೆರಡು, ಹದಿನಾಲ್ಕು ಅಷ್ಟೇ. ಅದರಲ್ಲೂ 16 ಮತ್ತು 18 ಇವೆರಡೇ ಸುಮಾರು ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ಹಾಗಾಗಿ ವೈರಸ್ ಇದೆಯಾ ಅನ್ನೋದಷ್ಟೇ ಸಾಲದು, ಯಾವುದು ಅಂತ ಗೊತ್ತಾಗಬೇಕು.

ಆಗ ನಾವು ಮಾಡುತ್ತಿದ್ದದ್ದು ಹಳೇ ದಾರಿ. ವೈರಸ್ಸಿನ ಡಿಎನ್‌ಎ ಸುಮಾರು 8,000 ಅಕ್ಷರಗಳ ಒಂದು ಉಂಗುರ. ಅದರ ಎಲ್1 ಜೀನ್‌ನಲ್ಲಿ 450 ಅಕ್ಷರಗಳಷ್ಟು ಉದ್ದದ ತುಣುಕನ್ನು ಎಂವೈ09, ಎಂವೈ11 ಪ್ರೈಮರ್‌ಗಳಿಂದ (ತುಣುಕಿನ ಎರಡು ತುದಿ ಗುರುತಿಸುವ ಚಿಕ್ಕ ಡಿಎನ್‌ಎಗಳು) ಪಿಸಿಆರ್ ಮಾಡಿ, ಅಂದರೆ ಕೋಟಿಗಟ್ಟಲೆ ಪ್ರತಿ ತೆಗೆದು, ಎಲ್ಲವನ್ನೂ ಒಟ್ಟಿಗೇ ಓದುವ ಸ್ಯಾಂಗರ್ ವಿಧಾನದಲ್ಲಿ ಓದುವುದು. ಒಂದೇ ಬಗೆಯ ವೈರಸ್ ಇದ್ದರೆ ಓದು ಚೆನ್ನಾಗಿ ಬರುತ್ತದೆ. ಎರಡಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ, ಜಾಸ್ತಿ ಇರುವುದೇ ಎದ್ದು ಕಾಣುತ್ತದೆ.

ಮುಂದಿನ ವರ್ಷ ಎನ್‌ಜಿಎಸ್, ಅಂದರೆ ನೆಕ್ಸ್ಟ್ ಜನರೇಶನ್ ಸೀಕ್ವೆನ್ಸಿಂಗ್ ಎಂಬ ಡಿಎನ್‌ಎ ಓದುವ ವಿಧಾನ, ಶುರು ಮಾಡಿದೆವು. ಅದು ಒಂದೊಂದು ತುಣುಕನ್ನೂ ಬಿಡಿಬಿಡಿಯಾಗಿ ಓದುತ್ತದೆ. ಹೊಸ ವಿಧಾನ ಸರಿಯಿದೆಯಾ ನೋಡೋಣ ಎಂದು ಫ್ರೀಜರಿನಲ್ಲಿದ್ದ ಹಳೇ ಸ್ಯಾಂಪಲ್‌ಗಳನ್ನೇ ಹಾಕಿದೆ. ಪೀಣ್ಯದ ಆ ಸ್ಯಾಂಪಲ್‌ನಲ್ಲಿ ಹೆಚ್ಚಿನ ರೀಡ್‌ಗಳು (ಓದಿದ ತುಣುಕುಗಳು) 42ರವು. ಉಳಿದವು 16ರವು.

ಎದೆ ಧಸಕ್ಕೆಂದಿತು. ಆದರೆ ನೀರು ಮಾತ್ರ ಹಾಕಿದ್ದ ಕಂಟ್ರೋಲ್ ಟ್ಯೂಬಿನಲ್ಲೂ 16ರ ಮೂವತ್ತು ನಲವತ್ತು ರೀಡ್ ಇದ್ದವು! ಹಾಗಾದರೆ ಆಕೆಯ 16 ನಿಜವೋ, ಪಕ್ಕದ ಟ್ಯೂಬಿನಿಂದ ಬಂದದ್ದೋ?

ಎನ್‌ಜಿಎಸ್‌ನಲ್ಲಿ ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ಪಿಸಿಆರ್ ಆದ ಟ್ಯೂಬಿನ ಮುಚ್ಚಳ ತೆಗೆದರೆ ಸಾಕು, ಕಣ್ಣಿಗೆ ಕಾಣದ ಹನಿಗಳಲ್ಲಿ ಕೋಟಿಗಟ್ಟಲೆ ಪ್ರತಿಗಳು ಗಾಳಿಗೆ ಸೇರುತ್ತವೆ. ಸಾಲದ್ದಕ್ಕೆ, ಎಲ್ಲ ಸ್ಯಾಂಪಲ್ ಒಟ್ಟಿಗೆ ಓಡುವಾಗ, ಯಾವ ತುಣುಕು ಯಾರದೆಂದು ಗುರುತಿಸಲು ಅಂಟಿಸಿದ ಡಿಎನ್‌ಎ ಬಾರ್‌ಕೋಡ್‌ಗಳು ಅದಲುಬದಲಾಗುವುದೂ ಉಂಟು. ಪಿಸಿಆರ್‌ಗೆ ಮುಂಚಿನ ಕೆಲಸಕ್ಕೆ ಒಂದು ಕೋಣೆ, ಆಮೇಲಿನದಕ್ಕೆ ಇನ್ನೊಂದು ಎಂದು ಮಾಡಿದೆವು. ಆಮೇಲಿನ ಕೋಣೆಗೆ ಹೋದವರು ಆ ದಿನ ಮೊದಲ ಕೋಣೆಗೆ ವಾಪಸ್ ಬರುವಂತಿಲ್ಲ. ಪ್ರತಿ ಸ್ಯಾಂಪಲ್‌ಗೂ ಎರಡೂ ತುದಿಗೆ ಬೇರೆ ಯಾರಿಗೂ ಕೊಡದ ಬಾರ್‌ಕೋಡ್. ಡಿಎನ್‌ಎ ತೆಗೆಯುವ ಹಂತದಿಂದಲೇ ಒಂದು ಖಾಲಿ ಟ್ಯೂಬ್ ಜೊತೆಗೇ ಸಾಗಬೇಕು.

ಮೂಲ ಸೀಸೆಯಿಂದ ಮತ್ತೆ ಡಿಎನ್‌ಎ ತೆಗೆದೆ. ಈ ಸಲ ಎಲ್1 ಬಿಟ್ಟು, ಇ6, ಇ7 ಜೀನ್‌ಗಳನ್ನು ಓದಿದೆ. ವೈರಸ್ ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಂಡಾಗ ಎಲ್1 ಕಳೆದುಹೋಗಬಹುದು. ಕ್ಯಾನ್ಸರ್ ಕಡೆಗೆ ತಳ್ಳುವ ಇ6, ಇ7 ಮಾತ್ರ ಉಳಿಯುತ್ತವೆ. ಖಾಲಿ ಟ್ಯೂಬ್ ಖಾಲಿಯಾಗಿಯೇ ಇತ್ತು. ಆಕೆಯ ಸ್ಯಾಂಪಲ್‌ನಲ್ಲಿ 16ರ ಸಾವಿರಾರು ರೀಡ್ ಬಂದವು.

ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಆಕೆಯನ್ನು ಕರೆಸಿದಾಗ ನಾನೂ ಹೋದೆ. "ಆವಾಗ ಏನೂ ಇಲ್ಲ ಅಂದಿದ್ರಲ್ಲ ಮೇಡಂ?" ಎಂದರು. "ಹೌದಕ್ಕ, ಆವಾಗ ನನ್ನ ಓದು ತಪ್ಪಾಗಿತ್ತು" ಎಂದೆ. ಸ್ವಲ್ಪ ಸುಮ್ಮನಿದ್ದು, "ಇದು ನಮ್ಮ ಯಜಮಾನ್ರಿಂದ ಬಂತಾ?" ಎಂದು ಕೇಳಿದರು. ಯಾವಾಗ, ಯಾರಿಂದ ಬಂತು ಎಂದು ಯಾವ ಸೀಕ್ವೆನ್ಸಿಂಗೂ ಹೇಳಲಾರದು. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ವೈರಸ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಇಷ್ಟನ್ನು ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರು. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡಿತು. ಆ ಭಾಗವನ್ನಷ್ಟೇ ತೆಗೆದರು.

ಹಾಗಂತ ಎಲ್ಲರಿಗೂ ಸೀಕ್ವೆನ್ಸಿಂಗ್ ಬೇಕು ಎಂದು ನಾನು ಹೇಳುವುದಿಲ್ಲ. 30 ದಾಟಿದವರಿಗೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಶಿಬಿರಗಳಿಗೆ 16, 18ನ್ನು ಬೇರೆಯಾಗಿ ತೋರಿಸುವ ರಿಯಲ್‌ ಟೈಮ್ ಪಿಸಿಆರ್ ಸಾಕು. ಅದು ಅಗ್ಗ, ಅವತ್ತೇ ಉತ್ತರ ಕೊಡುತ್ತದೆ. ಆಗ ನಾವು ಅದನ್ನು ಮಾಡಿದ್ದರೆ ಆಕೆಯ 16 ಮೊದಲ ದಿನವೇ ಸಿಗುತ್ತಿತ್ತು. ಸೀಕ್ವೆನ್ಸಿಂಗ್ ನನಗೆ ನಿಜವಾಗಿ ಬೇಕಾಗುವುದು ಒಂದು ವರ್ಷದ ಮೇಲೆ ಮತ್ತೆ ಪಾಸಿಟಿವ್ ಬಂದಾಗ. ಹಳೇ ವೈರಸ್ಸೇ ಹಟ ಹಿಡಿದು ಕೂತಿದೆಯಾ, ಹೊಸದು ಬಂದಿದೆಯಾ? ಅಪಾಯ ಹೆಚ್ಚುವುದು ಹಾಗೆ ಕೂತ ವೈರಸ್ಸಿನಿಂದಲೇ.

ವರ್ಷದ ನಂತರ ಆಕೆಯ ಸ್ಯಾಂಪಲ್ ಮತ್ತೆ ಬಂತು. ಜೀವಕೋಶಗಳು ಸಾಕಷ್ಟಿವೆ ಎಂದು ತೋರಿಸುವ ಬೀಟಾ ಗ್ಲೋಬಿನ್ ಎಂಬ ಮನುಷ್ಯನ ಜೀನ್ ಚೆನ್ನಾಗಿ ಬಂದಿತ್ತು. 42 ಇನ್ನೂ ಇತ್ತು. 16ರ ಒಂದು ರೀಡ್ ಕೂಡ ಇರಲಿಲ್ಲ. ಖಾಲಿ ಟ್ಯೂಬನ್ನು ಎರಡು ಸಲ ನೋಡಿ, ಆಮೇಲೆ ಸಹಿ ಹಾಕಿದೆ.