ನೇತ್ರಾಣಿಯ ಸ್ನಾರ್ಕಲಿಂಗ್: ಕಲಿಯುವುದು ತುಮಕೂರಲ್ಲೇ ಆಗಲಿ

ಸ್ನಾರ್ಕಲಿಂಗ್ ಎಂದರೆ ಕಣ್ಣು, ಮೂಗು ಮುಚ್ಚುವ ಮಾಸ್ಕ್ ಹಾಕಿ, ಸ್ನಾರ್ಕಲ್ ಎಂಬ ಕೊಳವೆಯಿಂದ ಬಾಯಲ್ಲಿ ಉಸಿರಾಡುತ್ತಾ, ಮುಖ ನೀರಲ್ಲಿಟ್ಟು ತೇಲುವುದು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಇಳಿಜಾರು ಮರಳಿಲ್ಲ, ಕಡಿದಾದ ಬಂಡೆ. ದೋಣಿ ಬಂಡೆಯಿಂದ ದೂರ ನಿಲ್ಲುತ್ತದೆ, ಅಲ್ಲಿಂದ ನೇರ ನೀರಿಗೆ ಇಳಿಯಬೇಕು. ಕಾಲಿಗೆ ನೆಲ ಸಿಗುವುದಿಲ್ಲ. ಮಾಸ್ಕ್‌ಗೆ ನೀರು ನುಗ್ಗಿದರೆ ನಿಂತುಕೊಂಡು ಸರಿ ಮಾಡಿಕೊಳ್ಳಲು ಜಾಗವಿಲ್ಲ. ಅದಕ್ಕೇ ತುಮಕೂರು, ತಿಪಟೂರು ಕಡೆಯಿಂದ ಹೊರಡುವವರು ಎರಡು ವಾರ ಮೊದಲೇ ಊರಲ್ಲಿ ಉಸಿರಾಟ ಕಲಿತು ಹೋಗಬೇಕು. ಕಡಲಿಲ್ಲದ ಊರು ಎನ್ನುವುದು ಇದಕ್ಕೆ ಅಡ್ಡಿಯೇ ಅಲ್ಲ.

ಮಾಸ್ಕ್ ದೋಣಿಯವರೂ ಕೊಡುತ್ತಾರೆ, ಆದರೆ ಎಲ್ಲರ ಮುಖಕ್ಕೂ ಒಂದೇ ಅಳತೆ ಕೂರುವುದಿಲ್ಲ. ಸಾಧ್ಯವಿದ್ದರೆ ಸ್ವಂತದ್ದು ಕೊಳ್ಳಿ. ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಇರಲಿ, ಅಂಚು ಮೆತ್ತನೆಯ ಸಿಲಿಕಾನ್ ಇರಲಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಐದು ಸೆಕೆಂಡ್ ಅಂಟಿಕೊಂಡು ನಿಂತರೆ ಅದು ನಿಮ್ಮದು. ಜಾರಿದರೆ ಬೇರೆ ನೋಡಿ. ಪಟ್ಟಿ ಬಿಗಿ ಮಾಡಿ ಸರಿಪಡಿಸುತ್ತೇನೆ ಎಂದುಕೊಳ್ಳಬೇಡಿ. ಬಿಗಿ ಜಾಸ್ತಿಯಾದಷ್ಟೂ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಅಂಚಿನಡಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ. ಮೀಸೆ ಇರುವವರು ಮೂಗಿಗೆ ತಾಗಿದ ಅರ್ಧ ಸೆಂ.ಮೀ. ಮಾತ್ರ ಕತ್ತರಿಸಿದರೆ ಸಾಮಾನ್ಯವಾಗಿ ಸಾಕು, ಪೂರ್ತಿ ಬೋಳಿಸಬೇಕಿಲ್ಲ. ಕನ್ನಡಕ ಹಾಕಿಕೊಂಡು ಮಾಸ್ಕ್ ಧರಿಸಲಾಗದು. ಮೈನಸ್ ಪವರ್ ಇರುವವರಿಗೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ.

ಹೊಸ ಮಾಸ್ಕ್‌ನ ಗಾಜಿನ ಒಳಮೈಯಲ್ಲಿ ಕಾರ್ಖಾನೆಯ ತೆಳು ಪದರ ಇರುತ್ತದೆ. ಅದು ಹೋಗುವವರೆಗೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಕಡಲೆಕಾಳಿನಷ್ಟು ಹಾಕಿ ಬೆರಳಿನಿಂದ ಎರಡು ನಿಮಿಷ ಉಜ್ಜಿ ತೊಳೆಯಿರಿ. ಹೀಗೆ ಮೂರು ಸಲ. ಪ್ಲಾಸ್ಟಿಕ್ ಗಾಜಿಗೆ ಇದು ಬೇಡ, ಗೀರು ಬೀಳುತ್ತದೆ. ಕಡಲಿಗಿಳಿಯುವ ಮುಂಚೆ ಒಂದು ತೊಟ್ಟು ಬೇಬಿ ಶಾಂಪೂ ಸವರಿ, ಒಮ್ಮೆ ಮಾತ್ರ ನೀರಾಡಿಸಿ ಹಾಕಿಕೊಳ್ಳಿ.

ಈಗ ಉಸಿರಾಟ. ಮೊದಲ ಮೂರು ದಿನ ಬಚ್ಚಲಲ್ಲಿ ದೊಡ್ಡ ಬಕೆಟ್ ಸಾಕು. ಮಾಸ್ಕ್, ಸ್ನಾರ್ಕಲ್ ಹಾಕಿ ಮುಖ ಮುಳುಗಿಸಿ, ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡಿ, ಐದು ನಿಮಿಷ. ಮೇಲುಮೇಲಿನ ಗಿಡ್ಡ ಉಸಿರು ಆಡಿದರೆ ಕೊಳವೆಯಲ್ಲಿ ಉಳಿದ ಹಳೇ ಗಾಳಿಯೇ ಮತ್ತೆ ಒಳಗೆ ಹೋಗಿ ತಲೆ ಭಾರವಾಗುತ್ತದೆ. ಕೊಳವೆ 40 ಸೆಂ.ಮೀ. ಒಳಗೇ ಇರುವುದು ಈ ಕಾರಣಕ್ಕೆ.

ಆಮೇಲೆ ಈಜುಕೊಳ, ಎದೆಮಟ್ಟದ ನೀರು, ಪಕ್ಕದಲ್ಲೊಬ್ಬರು. ಬೇಕೆಂದೇ ಕೊಳವೆಗೆ ನೀರು ತುಂಬಿಸಿ. ಗೊರಗೊರ ಸದ್ದು ಬಂದ ಕೂಡಲೇ ಉಸಿರೆಳೆಯದೆ, ಎದೆಯಲ್ಲಿರುವ ಗಾಳಿಯನ್ನು ಒಂದೇ ಏಟಿಗೆ 'ಫೂ' ಎಂದು ಊದಿ; ಮುಂದಿನ ಉಸಿರು ಮೆಲ್ಲಗೆ. ಕೊಳವೆ ಖಾಲಿ ಮಾಡಲು ಗಾಳಿ ಬೇಕು, ಆದ್ದರಿಂದ ಶ್ವಾಸಕೋಶ ಯಾವತ್ತೂ ಪೂರ್ತಿ ಬರಿದಾಗಬಾರದು. ಮಾಸ್ಕ್‌ಗೆ ನೀರು ಬಂದರೆ ತಲೆ ಹಿಂದಕ್ಕೆ ವಾಲಿಸಿ, ಚೌಕಟ್ಟಿನ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಊದಿ; ನೀರು ಕೆಳಗಿನಿಂದ ಹೊರಬೀಳುತ್ತದೆ. ಇವೆರಡನ್ನೂ ಸತತ ಹತ್ತು ಸಲ ಗಾಬರಿಯಿಲ್ಲದೆ ಮಾಡಿದವರು ಕಡಲಿಗೆ ಸಿದ್ಧ.

ಕಲ್ಲುಕ್ವಾರಿಯಲ್ಲಿ, ಮಣ್ಣು ತೆಗೆದ ಕೆರೆಗುಂಡಿಯಲ್ಲಿ ಅಭ್ಯಾಸ ಖಂಡಿತ ಬೇಡ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳ. ಹತ್ತಲು ದಡವೂ ಇರುವುದಿಲ್ಲ. ಈಜು ಬಲ್ಲವರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರ ತಲುಪಿ ದಕ್ಷಿಣಕ್ಕೆ ತಿರುಗಿದರೆ ಮುರುಡೇಶ್ವರ. ಹಿಂದಿನ ದಿನವೇ ತಲುಪಿ ಮಲಗಿ. ರಾತ್ರಿಯಿಡೀ ಗೇರುಸೊಪ್ಪೆ ಘಟ್ಟದ ತಿರುವು ತಿರುಗಿ, ಬೆಳಗ್ಗೆ ದೋಣಿ ಹತ್ತಿದರೆ ವಾಂತಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ದೋಣಿ ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು. ಬರೀ ಹೊಟ್ಟೆಯೂ ಬೇಡ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸಿ ವಡೆ ಜೊತೆ ತಿನ್ನುವ ಅಭ್ಯಾಸವೂ ಅವತ್ತಿಗೆ ಬೇಡ. ವಾಂತಿ ಮಾತ್ರೆ ವೈದ್ಯರನ್ನು ಕೇಳಿ ಒಂದು ಗಂಟೆ ಮೊದಲೇ ನುಂಗಿ. ಓಕರಿಕೆ ಶುರುವಾದ ಮೇಲೆ ಪ್ರಯೋಜನ ಕಡಿಮೆ. ದೋಣಿಯಲ್ಲಿ ನಡುವೆ, ಹಿಂಬದಿಗೆ ಕೂತು ದೂರದಲ್ಲಿ ಕಡಲು, ಬಾನು ಸೇರುವ ಗೆರೆ ನೋಡಿ, ಮೊಬೈಲ್ ಬೇಡ.

   

ನೀರಿಗಿಳಿಯುವಾಗ ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿ ಭುಜ ಹಿಡಿದು ಎಳೆದು ನೋಡಿ. ಗಲ್ಲಕ್ಕೆ ಏರಿದರೆ ಸಡಿಲ ಎಂದರ್ಥ. ಮೊದಲ ಎರಡು ನಿಮಿಷ ಏಣಿ ಅಥವಾ ಹಗ್ಗ ಹಿಡಿದು, ಮುಖ ಮುಳುಗಿಸಿ ಬಕೆಟ್‌ನ ಅದೇ ಲೆಕ್ಕ: ನಾಲ್ಕು, ಆರು. ಎದೆಬಡಿತ ಇಳಿದ ಮೇಲೆ ಹಗ್ಗ ಬಿಡಿ. ಫಿನ್ಸ್ (ಪಾದಕ್ಕೆ ಹಾಕುವ ಈಜುರೆಕ್ಕೆ) ಇದ್ದರೆ ಸೊಂಟದಿಂದ ಮೆಲ್ಲಗೆ ಒದೆಯಿರಿ, ಸೈಕಲ್ ತುಳಿದಂತಲ್ಲ. ಮೊದಲು ಹರಿವಿಗೆ ಎದುರಾಗಿ ಹೋಗಿ, ದಣಿದಾಗ ಅದೇ ನಿಮ್ಮನ್ನು ದೋಣಿಗೆ ತರುತ್ತದೆ. ಬಂಡೆಯಿಂದ ಮೂರ್ನಾಲ್ಕು ಮೀಟರ್ ದೂರವಿರಿ. ಅಲೆ ಎತ್ತಿ ಬಡಿಯುತ್ತದೆ, ಬಂಡೆಯಲ್ಲಿ ಮುಳ್ಳಿನ ಕಡಲಚೆಂಡುಗಳೂ (ಸೀ ಅರ್ಚಿನ್) ಇರುತ್ತವೆ. ಹವಳ ಜೀವಂತ ಪ್ರಾಣಿ, ಕೈ ಕಾಲು ತಾಗಿಸಬಾರದು. ಒಂದು ಕೈ ಎತ್ತಿ ಬೀಸಿದರೆ ಸಹಾಯ ಬೇಕು ಎಂದರ್ಥ, ಸುಮ್ಮನೆ ಟಾಟಾ ಮಾಡಬೇಡಿ.

ಬಿಸಿಲು ಸುಡುವುದು ಮುಖಕ್ಕಿಂತ ಬೆನ್ನಿಗೆ, ಮೊಣಕಾಲ ಹಿಂಬದಿಗೆ. ಕ್ರೀಮ್‌ಗಿಂತ ತುಂಬುತೋಳಿನ ಈಜುಬಟ್ಟೆ ನಂಬಿಕಸ್ಥ, ಹವಳಕ್ಕೂ ಕ್ಷೇಮ.

ವಾಪಸ್ ಬಂದ ಮೇಲೆ ಮಾಸ್ಕ್, ಕೊಳವೆಯನ್ನು ಸಿಹಿನೀರಲ್ಲಿ ಹತ್ತು ನಿಮಿಷ ನೆನೆಸಿ ನೆರಳಲ್ಲಿ ಒಣಗಿಸಿ. ಕಾರಿನ ಮುಂದಿನ ಗಾಜಿನಡಿ ಇಟ್ಟು ತುಮಕೂರಿನವರೆಗೆ ತಂದರೆ ಬಿಸಿಲಿಗೆ ಸಿಲಿಕಾನ್ ಅಂಚಿನ ಆಕಾರ ಕೆಡುತ್ತದೆ, ಮುಂದಿನ ಸಲ ಸೋರುತ್ತದೆ.